ತಿಮಿಂಗಿಲ ಬೇಟೆ ಪೂರ್ತಿ ನಿಂತೋಯ್ತು ಅನ್ನೋ ಫಾರ್ವರ್ಡ್ ಬಗ್ಗೆ

"ಆಸ್ಟ್ರೇಲಿಯಾ ಕೇಸ್ ಗೆದ್ಮೇಲೆ ಜಪಾನ್ ತಿಮಿಂಗಿಲ ಬೇಟೆ ನಿಲ್ಲಿಸ್ತು, ಈಗ ಪ್ರಪಂಚದಲ್ಲೆಲ್ಲೂ ಇಲ್ಲ" ಅಂತ ಒಂದು ಮೆಸೇಜ್ ಓಡಾಡ್ತಿದೆ. ಅರ್ಧ ನಿಜ ಅಷ್ಟೇ.

ಕೇಸ್ ಗೆದ್ದಿದ್ದು ಹೌದು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಹೇಗ್‌ನಲ್ಲಿರೋ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯ್ತು, ನ್ಯೂಜಿಲೆಂಡ್ ಕೂಡ ಅದ್ರ ಜೊತೆ ನಿಂತ್ಕೊಂಡ್ತು, 2014ರ ಮಾರ್ಚ್ 31ಕ್ಕೆ ತೀರ್ಪು ಬಂತು. ಆದ್ರೆ ಆ ತೀರ್ಪು ಇದ್ದಿದ್ದು ಅಂಟಾರ್ಕ್ಟಿಕ್ ಸಮುದ್ರದಲ್ಲಿ "ಸಂಶೋಧನೆ" ಅನ್ನೋ ಹೆಸ್ರಲ್ಲಿ ನಡೀತಿದ್ದ ಒಂದು ಕಾರ್ಯಕ್ರಮದ ಮೇಲೆ ಮಾತ್ರ (ಸಂಶೋಧನೆ ಮುಗಿದ್ಮೇಲೆ ಮಾಂಸ ಮಾರ್ಕೆಟ್‌ಗೆ ಹೋಗ್ತಿತ್ತು, ಅದೆಂಥ ಸಂಶೋಧನೆನೋ). ಒಂದೇ ವರ್ಷ ಬಿಟ್ಟು ಬೇರೆ ಹೆಸ್ರಿನ ಪ್ಲಾನ್ ಇಟ್ಕೊಂಡು ಜಪಾನ್ ಹಡಗುಗಳು ಮತ್ತೆ ಅಲ್ಲಿಗೇ ಹೋದ್ವು.

ಆಮೇಲೆ 2019ರ ಜೂನ್ 30ಕ್ಕೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದಿಂದಲೇ ಹೊರಗೆ ಬಂದು ಮಾರನೇ ದಿನವೇ ತನ್ನ ಸಮುದ್ರದಲ್ಲಿ ಓಪನ್ನಾಗಿ ವಾಣಿಜ್ಯ ಬೇಟೆ ಶುರು ಮಾಡ್ತು, 2024ರಲ್ಲಿ ಫಿನ್ ತಿಮಿಂಗಿಲನೂ ಲಿಸ್ಟ್‌ಗೆ ಸೇರಿಸ್ಕೊಂಡ್ತು. ಅಂಟಾರ್ಕ್ಟಿಕ್‌ಗೆ ಹೋಗೋದು ಬಿಟ್ಟಿದೆ, ಅದೊಂದು ನಿಜ.

ವಾಣಿಜ್ಯ ಬೇಟೆಗೆ ಈ ಆಯೋಗದ ನಿಷೇಧ 1982ರಲ್ಲೇ ತೀರ್ಮಾನ ಆಗಿ 1986ಕ್ಕೆ ಜಾರಿಗೆ ಬಂದಿದ್ದು, ಆದ್ರೆ ನಾರ್ವೆ ಆಗ್ಲೇ ಆಕ್ಷೇಪ ಹಾಕಿದ್ರಿಂದ ಕಾನೂನುಬದ್ಧವಾಗೇ ಈಗ್ಲೂ ಹಿಡೀತಿದೆ. ಮಾಂಸದ ವ್ಯಾಪಾರದ್ದೂ ಅದೇ ಕತೆ, ಸೈಟಿಸ್ ಅನ್ನೋ, ಅಳಿವಿನಂಚಿನ ಜೀವಿಗಳ ದೇಶ-ದೇಶಗಳ ನಡುವಿನ ವ್ಯಾಪಾರದ ಬಗ್ಗೆ ಇರೋ ಒಪ್ಪಂದದಲ್ಲಿ ದೊಡ್ಡ ತಿಮಿಂಗಿಲಗಳ ವ್ಯಾಪಾರಕ್ಕೆ ನಿಷೇಧ ಇದ್ರೂ ಜಪಾನ್, ನಾರ್ವೆ, ಐಸ್‌ಲ್ಯಾಂಡ್ ಮೂರೂ ಕೆಲವು ಜಾತಿಗಳಿಗೆ ವಿನಾಯ್ತಿ ಇಟ್ಕೊಂಡಿವೆ, ತಮ್ತಮ್ಮಲ್ಲೇ ಮಾರ್ಕೊಂಡ್ರೆ ಯಾರೂ ತಡೆಯೋ ಹಾಗಿಲ್ಲ.

ಇನ್ನೊಂದು, ಆಸ್ಟ್ರೇಲಿಯಾ ಮೊದ್ಲಿಂದಲೂ ವಿರೋಧಿಸ್ತಿತ್ತು ಅಂತಲೂ ಆ ಮೆಸೇಜ್‌ನಲ್ಲಿದೆ. ಇಲ್ಲ, ಆಲ್ಬನಿಯಲ್ಲಿದ್ದ ಅದರ ಕೊನೇ ಬೇಟೆ ಸ್ಟೇಷನ್ ಮುಚ್ಚಿದ್ದೇ 1978ರಲ್ಲಿ.