ಇಡ್ಲಿ ಹೆಣ್ಣು, ದೋಸೆ ಗಂಡು

ಇವತ್ತು ಬೆಳಿಗ್ಗೆ ಕಚೇರಿಗೆ ಹೊರಟಾಗ ಲಿಫ್ಟಿನಲ್ಲಿ ಕೆಳಮನೆಯ ಆಂಟಿ ಸಿಕ್ಕರು. ಸಿಕ್ಕರು ಎನ್ನುವುದಕ್ಕಿಂತ ನಾನು ಅವರ ಕೈಗೆ ಸಿಕ್ಕೆ ಎನ್ನುವುದು ಸರಿ. "ಬೇಟಾ, ರಜಾಯಿ ಸೂಖ್ ಗಯೀ?" ಎಂದರು. ರಜಾಯಿ ಅಂದರೆ ಹತ್ತಿ ತುಂಬಿದ ದಪ್ಪ ಹೊದಿಕೆ; ಅದು ಒಣಗಿತೇ ಎಂದು ಹನ್ನೊಂದು ದಿನಗಳಿಂದ ಇದೇ ಪ್ರಶ್ನೆ. ತಲೆಯಲ್ಲಿ ಬೇರೇನೋ ಓಡುತ್ತಿತ್ತು, "ಹಾಂ ಆಂಟೀಜಿ, ಸೂಖ್ ಗಯಾ" ಎಂದುಬಿಟ್ಟೆ.

ಲಿಫ್ಟು ನೆಲಮಹಡಿಗೆ ಬಂದು ಬಾಗಿಲು ತೆರೆಯಿತು. ಆಂಟಿ ಕದಲಲಿಲ್ಲ. ಬಾಗಿಲಿಗೆ ಚಪ್ಪಲಿಯ ಕಾಲನ್ನು ಅಡ್ಡ ಕೊಟ್ಟು, "ಗಯಾ ಅಲ್ಲ, ಗಯೀ. ರಜಾಯಿ ಸೂಖ್ ಗಯೀ. ಹೇಳು ನೋಡೋಣ" ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದರು. ಹೇಳಿದೆ. ಹಿಂದೆ ಹಾಲಿನ ಕ್ರೇಟು ಹಿಡಿದು ನಿಂತಿದ್ದ ಹುಡುಗ ಕಿಸಕ್ಕನೆ ನಕ್ಕ. ನಾನು ನಲವತ್ತಾರು ವರ್ಷದವನು. ನನ್ನ ಸಹಿ ಬೀಳದೆ ಒಂದು ಶಾಖೆಯ ಸಾಲಗಳು ಮಂಜೂರಾಗುವುದಿಲ್ಲ. ಕಚೇರಿಗೆ ಆರು ನಿಮಿಷ ತಡವಾಯಿತು. ತಡಕ್ಕೆ ಕಾರಣ ಬರೆಯಲು ರಿಜಿಸ್ಟರಿನಲ್ಲಿ ಒಂದು ಕಲಂ ಇದೆ. "ಸ್ತ್ರೀಲಿಂಗ" ಎಂದು ಹೇಗೆ ಬರೆಯಲಿ?

ಬ್ಯಾಂಕಿನವರ ಬಾಳಿನಲ್ಲಿ ವರ್ಗಾವಣೆ ಎನ್ನುವುದು ಮಳೆಗಾಲದ ನೆಗಡಿಯ ಹಾಗೆ, ಬಂದೇ ಬರುತ್ತದೆ. ಆದರೆ ದಾವಣಗೆರೆಯಿಂದ ಎತ್ತಿದವರು ಚಿತ್ರದುರ್ಗದಲ್ಲೋ ಹಾವೇರಿಯಲ್ಲೋ ಇಳಿಸಬೇಕಿತ್ತು. ಸುಮಾರು 2,000 ಕಿಲೋಮೀಟರು ಒಯ್ದು ದೆಹಲಿಯಲ್ಲಿ ಇಳಿಸಿದರು. ಅಕ್ಟೋಬರಿನಲ್ಲಿ ಬಂದು ಇಲ್ಲಿನ ದ್ವಾರಕಾ ಬಡಾವಣೆಯಲ್ಲಿ ಮನೆ ಹಿಡಿದೆವು. ಇಲ್ಲಿ ಎಲ್ಲವೂ ಸೆಕ್ಟರು. ಸಂಖ್ಯೆಗಳಿವೆಯಲ್ಲ, ದಾರಿ ತಪ್ಪುವುದು ಹೇಗೆ ಎಂದುಕೊಂಡಿದ್ದೆ. ಮೆಟ್ರೋದಲ್ಲಿ ಸೆಕ್ಟರ್ 21 ಬಿಟ್ಟರೆ ಮುಂದಿನ ನಿಲ್ದಾಣ ಸೆಕ್ಟರ್ 8. ಅದಾದ ಮೇಲೆ 9, 10 ಎಂದು ಸಭ್ಯವಾಗಿ 14ರವರೆಗೆ ಬಂದು ಆಮೇಲೆ ಬರೀ "ದ್ವಾರಕಾ", ಅದರ ಮುಂದೆ "ದ್ವಾರಕಾ ಮೋಡ್". ಮೊದಲ ವಾರ ನಾನು ಈ ಕೊನೆಯ ಎರಡರ ನಡುವೆ ಓಡಾಡಿಕೊಂಡೇ ಇದ್ದೆ.

ಇಂಥವಕ್ಕೆಲ್ಲ ಒಗ್ಗಿಕೊಂಡೆವು. ತರಕಾರಿಯವನು ಕೊತ್ತಂಬರಿ, ಹಸಿಮೆಣಸಿನಕಾಯಿಗಳನ್ನು ಬಿಟ್ಟಿಯಾಗಿ ಚೀಲಕ್ಕೆ ಎಸೆಯುತ್ತಾನೆ. ಕರಿಬೇವು ಕೇಳಿದರೆ ಮಾತ್ರ ಔಷಧಿ ಕೇಳಿದವರನ್ನು ನೋಡಿದ ಹಾಗೆ ನೋಡುತ್ತಾನೆ. ಒಳ್ಳೆಯ ತೆಂಗಿನಕಾಯಿ ಬೇಕೆಂದರೆ ಐಎನ್ಎ ಮಾರುಕಟ್ಟೆಗೆ ಹೋಗುತ್ತೇವೆ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಕಲ್ಲಾಯಿತು, ಚಮಚದ ಹಿಡಿಯಿಂದ ಕೆರೆದು ತಲೆಗೆ ಹಚ್ಚಿಕೊಂಡೆವು. ಒಗ್ಗದೆ ಉಳಿದದ್ದು ಎರಡೇ: ಆಂಟಿಯ ವ್ಯಾಕರಣ ಮತ್ತು ನಮ್ಮ ಇಡ್ಲಿ ಹಿಟ್ಟು.

ಆಂಟಿ ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ಸಂಬಳ ನಿಂತಿದೆ, ಕೆಂಪು ಪೆನ್ನು ನಿಂತಿಲ್ಲ. ಬೇರೆಯವರು ನಮ್ಮ ಹಿಂದಿಯನ್ನು ಅರ್ಥವಾದರೆ ಸಾಕೆಂದು ಕ್ಷಮಿಸುತ್ತಾರೆ. ಆಂಟಿಗೆ ಅರ್ಥ ಮುಖ್ಯವಲ್ಲ, ಲಿಂಗ ಮುಖ್ಯ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ನಮ್ಮ ವಾಷಿಂಗ್ ಮಷಿನ್ನಿನ ಪೈಪು ಕಳಚಿ, ಸೋಪಿನ ನೀರು ಬಾಲ್ಕನಿಯಿಂದ ಅವರ ಬಾಲ್ಕನಿಗೆ ಧಾರಾಕಾರವಾಗಿ ಸುರಿಯತೊಡಗಿತು. ಅಲ್ಲಿ ಅವರ ಗಜ್ಜರಿ ಉಪ್ಪಿನಕಾಯಿಯ ಜಾಡಿಗಳು ಬಿಸಿಲಿಗೆ ಕುಳಿತಿದ್ದವು. ನಾನು ಕಂಬಿಯ ಮೇಲೆ ಬಾಗಿ, "ಆಂಟೀಜಿ, ಪಾನೀ ಗಿರ್ ರಹೀ ಹೈ!" ಎಂದು ಕೂಗಿದೆ. ಅವರು ಓಡಿ ಬಂದರು. ಜಾಡಿಯ ಕಡೆ ನೋಡಲಿಲ್ಲ. ಕತ್ತೆತ್ತಿ, ಮುಖದ ಮೇಲೆ ನೊರೆ ಬೀಳುತ್ತಿದ್ದರೂ, "ಗಿರ್ ರಹಾ ಹೈ" ಎಂದರು. ಪಾನೀ ಪುಲ್ಲಿಂಗವಂತೆ. ನಾನು "ರಹಾ ಹೈ" ಎಂದು ತಿದ್ದಿಕೊಂಡು ಹೇಳಿದ ಮೇಲೆಯೇ ಜಾಡಿಗಳನ್ನು ಒಳಗೆ ತೆಗೆದುಕೊಂಡದ್ದು. ಅಷ್ಟರಲ್ಲಿ ಒಂದು ಜಾಡಿ ಹೋಗಿತ್ತು. ಅದರ ಬಗ್ಗೆ ಅವರು ಇವತ್ತಿಗೂ ಒಂದು ಮಾತು ಆಡಿಲ್ಲ.

ಕನ್ನಡದಲ್ಲಿ ಈ ಪೀಕಲಾಟವೇ ಇಲ್ಲ. ಅವನು, ಅವಳು, ಮಿಕ್ಕ ಸಮಸ್ತ ಬ್ರಹ್ಮಾಂಡವೂ ಅದು. ಕುರ್ಚಿ ಬಿತ್ತು, ಮೇಜು ಬಿತ್ತು, ಮರ ಬಿತ್ತು. ಬಿದ್ದದ್ದು ಗಂಡೋ ಹೆಣ್ಣೋ ಎಂದು ಬಗ್ಗಿ ನೋಡುವ ಕೆಲಸವಿಲ್ಲ. ಹಿಂದಿಯಲ್ಲಿ ಪ್ರತಿಯೊಂದು ವಸ್ತುವಿಗೂ ಜಾತಕ ಬರೆದಿಟ್ಟಿದ್ದಾರೆ. ಅದನ್ನಾದರೂ ಒಂದು ಲೆಕ್ಕದ ಪ್ರಕಾರ ಬರೆಯಬಾರದೆ? "ಈ"ಕಾರದಲ್ಲಿ ಮುಗಿದರೆ ಹೆಣ್ಣು ಎಂದು ಆಂಟಿಯೇ ಸೂತ್ರ ಹೇಳಿಕೊಟ್ಟರು, ಪಾನೀ, ಘೀ, ಮೋತೀ ಮೂರೂ ಗಂಡು ಎಂದು ಅವರೇ ಅದನ್ನು ಮುರಿದರು. ದಹೀ ಕೂಡ ಗಂಡು ಎನ್ನುತ್ತಾರೆ ಆಂಟಿ. ಹಾಲಿನ ಹುಡುಗನ ಬಾಯಲ್ಲಿ ಅದು ಹೆಣ್ಣು. ಪೊಲೀಸ್ ಪಡೆಗೆ ಪಡೆಯೇ ಹೆಣ್ಣು, ಅವರ ಮೀಸೆ ಹೆಣ್ಣು, ಕೈಯಲ್ಲಿರುವ ಲಾಠಿ ಹೆಣ್ಣು. ಸಿಕ್ಕಿಬಿದ್ದ ಕಳ್ಳನೊಬ್ಬನೇ ಗಂಡು. ನನ್ನ ಹೆಂಡತಿಗೆ ಈ ಕೊನೆಯ ಭಾಗ ಬಹಳ ಹಿಡಿಸಿತು.

ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಬೇರೆ. ಇಡ್ಲೀ ಸ್ತ್ರೀಲಿಂಗ, ದೋಸಾ ಪುಲ್ಲಿಂಗ. ಒಂದೇ ಅಕ್ಕಿ, ಒಂದೇ ಉದ್ದು, ಒಂದೇ ಪಾತ್ರೆ. ಆವಿಯಲ್ಲಿ ಕೂತರೆ ಮಗಳು, ಕಾವಲಿಯ ಮೇಲೆ ಮಲಗಿದರೆ ಮಗ! ಹಾಗಾದರೆ ಹಿಟ್ಟು ಪಾತ್ರೆಯಲ್ಲಿರುವಾಗ ಏನು ಎಂದು ಕೇಳಿದ್ದಕ್ಕೆ ಆಂಟಿ ನನ್ನನ್ನು ಹಿಂದಿನ ಬೆಂಚಿನ ಹುಡುಗನಂತೆ ದಿಟ್ಟಿಸಿದರು.

ಇನ್ನು ಆ ಹಿಟ್ಟಿನ ಕಥೆ. ದಾವಣಗೆರೆಯಲ್ಲಿ ಹಿಟ್ಟು ಉಬ್ಬಿಸುವುದು ಎನ್ನುವ ಕೆಲಸವೇ ಇರಲಿಲ್ಲ. ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಮುಚ್ಚಳ ತಳ್ಳಿಕೊಂಡು ಅಡುಗೆಕಟ್ಟೆಗೆ ಇಳಿದಿರುತ್ತಿತ್ತು. ಏಪ್ರಿಲ್ ತಿಂಗಳಲ್ಲಂತೂ ಬೀದಿಗೆ ಹೋಗದಿದ್ದರೆ ಪುಣ್ಯ. ಹುದುಗು ಚೆನ್ನಾಗಿ ಬರಲು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. ದೆಹಲಿಯ ಜನವರಿ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಹೊರಗಿನ ಮಂಜು ಕಿಟಕಿಯ ಸಂದಿಯಿಂದ ಒಳಗೂ ಬಂದು ಕೂರುತ್ತದೆ. ನಮ್ಮ ಹಿಟ್ಟು ರಾತ್ರಿ ಎಲ್ಲಿತ್ತೋ ಬೆಳಿಗ್ಗೆ ಅಲ್ಲೇ, ಸುಣ್ಣದ ನೀರಿನ ಹಾಗೆ ತೆಪ್ಪಗೆ ಮಲಗಿರುತ್ತಿತ್ತು. ಇನ್ವರ್ಟರಿನ ಪಕ್ಕ ಇಟ್ಟೆವು. ಮಗಳ ಹಳೆಯ ಸ್ವೆಟರು ತೊಡಿಸಿದೆವು. ಎರಡು ತೋಳು ಇಳಿಬಿಟ್ಟುಕೊಂಡು ಕೂತ ಪಾತ್ರೆಯನ್ನು ಕತ್ತಲಲ್ಲಿ ನೋಡಿ ನಾನೇ ಒಮ್ಮೆ ಬೆಚ್ಚಿದೆ. ಏನೂ ಆಗಲಿಲ್ಲ. ಬೇಯಿಸಿದ ಇಡ್ಲಿಯನ್ನು ತಟ್ಟೆಗೆ ಹಾಕಿದರೆ ಟಣ್ ಎಂದಿತು.

ಅವ್ವ ದಿನಾ ಫೋನು ಮಾಡುತ್ತಾಳೆ. ಹೊಸ ಊರು ಹೇಗಿದೆ, ಕೆಲಸ ಹೇಗಿದೆ ಎಂದು ಕೇಳುವುದಿಲ್ಲ. "ಹಿಟ್ಟು ಉಬ್ಬಿತಾ?" ಎನ್ನುತ್ತಾಳೆ. ಆಚೆ ಕಡೆಯಿಂದ ಫ್ಯಾನಿನ ಗರಗರ ಸದ್ದು ಕೇಳುತ್ತದೆ. ಎರಡು ಸ್ವೆಟರು, ಒಂದು ಮಂಕಿ ಕ್ಯಾಪಿನೊಳಗೆ ಕೂತು ನಾನು ಆ ಸದ್ದನ್ನೇ ಸ್ವಲ್ಪ ಹೊತ್ತು ಕೇಳುತ್ತೇನೆ.

ಕೊನೆಗೆ ಉಪಾಯ ಹೇಳಿದವರೂ ಆಂಟಿಯೇ. ಚಳಿಗಾಲದಲ್ಲಿ ಮೊಸರಿಗೆ ಹೆಪ್ಪು ಹಾಕಿ ಶಾಲಿನಲ್ಲಿ ಸುತ್ತಿ ರಜಾಯಿಯೊಳಗೆ ಇಡುತ್ತಾರಂತೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ಮಾಡಿದೆವು. ಇಪ್ಪತ್ತನಾಲ್ಕು ಗಂಟೆ ಅಲುಗಾಡದ ಹಿಟ್ಟನ್ನು ಶಾಲಿನಲ್ಲಿ ಸುತ್ತಿ, ಮೂರು ಕಿಲೋ ಹತ್ತಿ ತುಂಬಿಸಿ ಹೊಸದಾಗಿ ಹೊಲಿಸಿದ್ದ ಜೋಡಿ ರಜಾಯಿಯೊಳಗೆ ಮಲಗಿಸಿದೆವು. ಆಂಟಿ ಒಂದು ವಿಷಯ ಹೇಳಲು ಮರೆತಿದ್ದರು, ಅಥವಾ ಹೇಳುವ ಅಗತ್ಯವಿದೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ: ಆ ರಜಾಯಿಯಲ್ಲಿ ಮನುಷ್ಯರು ಮಲಗಬಾರದು. ನಮ್ಮ ಬಳಿ ಇದ್ದದ್ದು ಅದೊಂದೇ. ಹಾಗಾಗಿ ಹೆಂಡತಿ ಆ ಕಡೆ, ನಾನು ಈ ಕಡೆ, ನಡುವೆ ಹಸುಗೂಸಿನಂತೆ ಹಿಟ್ಟು. "ರೀ, ಹೊರಳಬೇಡಿ" ಎಂದು ಹೇಳಿಯೇ ಅವಳು ನಿದ್ದೆ ಹೋದದ್ದು.

ಬೆಳಗಿನ ಜಾವ ಕನಸಿನಲ್ಲಿ ಭದ್ರಾ ಕಾಲುವೆಯಲ್ಲಿ ಈಜುತ್ತಿದ್ದೆ. ಹಿತವಾದ ಬೆಚ್ಚನೆಯ ನೀರು. ಕಾಲುವೆಯ ನೀರು ಇಷ್ಟು ಬೆಚ್ಚಗಿರುವುದಿಲ್ಲವಲ್ಲ, ಇಷ್ಟು ಜಿಗುಟಾಗಿಯೂ ಇರುವುದಿಲ್ಲವಲ್ಲ ಎಂಬ ಅನುಮಾನ ಬಂದು ಎಚ್ಚರವಾಯಿತು. ದೀಪ ಹಾಕಿದೆ. ಪಾತ್ರೆ ಮಗುಚಿತ್ತು. ಯಾವಾಗಲೋ ಮಗುಚಿರಬೇಕು, ಹತ್ತಿ ಮನಸಾರೆ ಕುಡಿದಿತ್ತು. ನೆನೆದ ಮೂಲೆಯನ್ನು ಎತ್ತಿ ನೋಡಿದರೆ, ಅಬ್ಬಾ, ಎಂಥ ಹುದುಗು! ಸಣ್ಣ ಸಣ್ಣ ಗುಳ್ಳೆ, ಹೂವಿನಂಥ ನೊರೆ, ಹದವಾದ ಹುಳಿ ವಾಸನೆ. ಒಂದು ತಿಂಗಳಿಂದ ಯಾವ ಪಾತ್ರೆಯಲ್ಲೂ ಉಬ್ಬದ ಹಿಟ್ಟು ನಮ್ಮಿಬ್ಬರ ಮೈ ಕಾವಿಗೆ ರಜಾಯಿಯೊಳಗೆ ಮಲ್ಲಿಗೆಯಂತೆ ಅರಳಿತ್ತು. ಹೆಂಡತಿ ಎದ್ದವಳು ಬೈಯುವುದನ್ನೂ ಮರೆತು ಬೆರಳಿನಿಂದ ಮುಟ್ಟಿ, "ಇವತ್ತು ಇಡ್ಲಿ ಎಷ್ಟು ಚೆನ್ನಾಗಿ ಬರುತ್ತಿತ್ತು" ಎಂದಳು. ಆಮೇಲೆ ಬೈದಳು.

ಊರಿನ ಕೌದಿಯಾಗಿದ್ದರೆ ಕಾಲುವೆಗೆ ಒಯ್ದು ಕಲ್ಲಿಗೆ ನಾಲ್ಕು ಸಲ ಬಡಿದು ಹಿಂಡಿ ತರಬಹುದಿತ್ತು. ಅಜ್ಜಿ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಆ ಕೌದಿ ಎಷ್ಟು ಒಗೆತ ಕಂಡಿತ್ತೋ, ಮೂರು ಮಕ್ಕಳ ಉಚ್ಚೆಯನ್ನೂ ಗೊಣಗದೆ ಸಹಿಸಿತ್ತು. ಈ ಹತ್ತಿಯ ರಜಾಯಿಯನ್ನು ಒಗೆಯುವ ಹಾಗಿಲ್ಲ. ಮೇಲಿನ ಬಟ್ಟೆ ಬಿಚ್ಚಿ, ಹತ್ತಿ ಒಣಗಿಸಿ, ಹಿಂಜಿಸಬೇಕು. ಬೀದಿಯಲ್ಲಿ ಹತ್ತಿ ಹಿಂಜುವವನನ್ನು ಕರೆದು ತೋರಿಸಿದರೆ, ಮೂಗು ಮುಚ್ಚಿಕೊಂಡು ಇದರಲ್ಲಿ ಏನನ್ನು ಸಾಕಿದ್ದೀರಿ ಎಂದು ಕೇಳಿದ. ಮೊದಲು ಒಣಗಿಸಿ ತನ್ನಿ, ಆಮೇಲೆ ನೋಡೋಣ ಎಂದ.

ಮೇಲ್ಛಾವಣಿಯಲ್ಲಿ ಹರವಿದೆವು. ಒಣಗಲು ಬಿಸಿಲು ಬೇಡವೆ? ಮಧ್ಯಾಹ್ನ ಎರಡು ಗಂಟೆಗೆ ಮಂಜಿನ ನಡುವೆ ಸೂರ್ಯ ಐದು ಪೈಸೆಯ ನಾಣ್ಯದಂತೆ ಕಾಣಿಸಿ ಮತ್ತೆ ಜೇಬಿಗೆ ಹೋಗುತ್ತಿದ್ದ. ಅಷ್ಟು ಹೊತ್ತಿಗೆ ಎಂಟು ಮಹಡಿಯ ಹೆಂಗಸರೂ ಕಡಲೆಕಾಯಿ ಸುಲಿಯುತ್ತ ಮೇಲೆ ಸೇರಿರುತ್ತಿದ್ದರು. ನಮ್ಮ ರಜಾಯಿಯ ಸುತ್ತ ದೂರ ಬಿಟ್ಟು ಒಂದು ವೃತ್ತ. ಮಗಳು ಹಾಸಿಗೆ ಒದ್ದೆ ಮಾಡಿದಳೆಂದು ಮೊದಲ ದಿನ ಮಾತು ಹಬ್ಬಿತು. ಒಂಬತ್ತನೇ ತರಗತಿಯ ಹುಡುಗಿ, ಅವಳು ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಅನಿವಾರ್ಯವಾಗಿ ನಾನೇ ಎಲ್ಲರೆದುರು ನಿಂತು, ನನ್ನ ಹಿಂದಿಯಲ್ಲಿ, ನಿಜ ಹೇಳಿದೆ. ಆಂಟಿ ನಡುವೆ ಆರು ಸಲ ತಿದ್ದಿದರು. ಕೊನೆಯ ತಿದ್ದುಪಡಿಯ ಹೊತ್ತಿಗೆ ನಗಲು ಶುರುಮಾಡಿದ್ದ ಅವರು ಕಟ್ಟೆಯ ಮೇಲೆ ಕೂತುಬಿಟ್ಟರು.

ಆ ರಾತ್ರಿ ಬಾಗಿಲು ತಟ್ಟಿ ತಮ್ಮ ಮನೆಯ ಒಂದು ರಜಾಯಿ ತಂದುಕೊಟ್ಟರು. "ಇದು ಮನುಷ್ಯರಿಗೆ" ಎಂದರು.

ಈಗ ಹಿಟ್ಟಿಗೆ ಬೇರೆ ಮನೆಯಾಗಿದೆ. ಸಾಮಾನು ಸಾಗಿಸಿದವರು ಗಾಜಿನ ಲೋಟಗಳನ್ನು ಜೋಪಾನವಾಗಿ ಇಟ್ಟುಕೊಟ್ಟಿದ್ದ ಥರ್ಮಾಕೋಲ್ ಪೆಟ್ಟಿಗೆ ಇತ್ತು. ಲೋಟಗಳೆಲ್ಲ ಒಡೆದಿದ್ದವು, ಪೆಟ್ಟಿಗೆಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರಲ್ಲಿ ಪಾತ್ರೆ, ಪಕ್ಕಕ್ಕೆ ಬಿಸಿನೀರಿನ ಚೀಲ, ಮೇಲೆ ಮುಚ್ಚಳ. ಇಡ್ಲಿಗೆ ಸಾಲದಿದ್ದರೂ ದೋಸೆಗೆ ಸಾಕಾಗುವಷ್ಟು ನಿನ್ನೆ ರಾತ್ರಿ ಉಬ್ಬಿತು. ಇವತ್ತು ಸಂಜೆ ಹೆಂಡತಿ ನಾಲ್ಕು ದೋಸೆ, ಒಂದು ಬಟ್ಟಲು ಕಾಯಿ ಚಟ್ನಿ ಕೊಟ್ಟು ಕೆಳಮನೆಗೆ ಕಳಿಸಿದಳು. ಬೆಳಗಿನ ಲಿಫ್ಟಿನ ಉರಿ ನನಗಿನ್ನೂ ಆರಿರಲಿಲ್ಲ. ಆಂಟಿ ಅಲ್ಲೇ ನಿಂತು ಒಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿ, "ವಾಹ್, ಬಹುತ್ ಅಚ್ಛೀ ಬನೀ ಹೈ" ಎಂದರು.

ನಾಲ್ಕು ತಿಂಗಳಿಂದ ಕಾದಿದ್ದ ಗಳಿಗೆ. ಎದೆಯುಬ್ಬಿಸಿ, "ಅಚ್ಛಾ ಬನಾ ಹೈ, ಆಂಟೀಜಿ. ದೋಸಾ ಪುಲ್ಲಿಂಗ" ಎಂದೆ.

ಆಂಟಿ ಕಣ್ಣು ಬಿಟ್ಟು ನನ್ನನ್ನು ನಿಧಾನವಾಗಿ ನೋಡಿದರು. ಇನ್ನೊಂದು ತುಂಡನ್ನು ಅದ್ದಿಕೊಳ್ಳುತ್ತಾ ಹೇಳಿದರು: "ನಾನು ಹೇಳಿದ್ದು ಚಟ್ನಿಯನ್ನು, ಬೇಟಾ."