ಚೌಡಿ ಯಾವ ಕಪಾಟಿನವಳು?

ಶಿರಸಿ ಪೇಟೆಯಲ್ಲಿ ಅಡಿಕೆಯ ಜಾತಿ ಹೇಳಲು ಅರೆಗಳಿಗೆ ಸಾಕು. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು. ಯಾವುದಕ್ಕೂ ಸೇರದಿದ್ದರೆ ಕೋಕಾ. ಅಂಥ ಊರಿನ ವಾಚನಾಲಯವೊಂದರ ಕಮಿಟಿ ಒಂದೇ ಒಂದು ಕಾದಂಬರಿಯ ಜಾತಿ ತಿಳಿಯದೆ ಮೂರು ಮೀಟಿಂಗ್ ಮಾಡಿತು. ಮೂರಕ್ಕೂ ಅವಲಕ್ಕಿ, ಚಾ ಆಯಿತು.

ಕತೆ ಇಷ್ಟೇ: ಕಾಡಿನ ನಡುವಿನ ಅಣುಸ್ಥಾವರ ಕೆಡುತ್ತದೆ, ಎಂಜಿನಿಯರುಗಳು ಕೈಚೆಲ್ಲುತ್ತಾರೆ, ಪಕ್ಕದ ಬನದ ದೇವತೆ ಚೌಡಿ ಬಂದು ರಿಪೇರಿ ಮಾಡಿ ಹೋಗುತ್ತಾಳೆ. ಕಮಿಟಿಯ ನಿಯಮದಂತೆ ವಿಜ್ಞಾನ ಕತೆಗೆ ನೀಲಿ ಚೀಟಿ, ಅದ್ಭುತ ಕತೆಗೆ ಕೆಂಪು. ಇದಕ್ಕೆ ಯಾವುದು?

ಲೈಬ್ರರಿಯನ್ ಮೆತ್ತಗೆ ಬಾಯಿ ಬಿಟ್ಟರು. ಪುಸ್ತಕ ವಿಂಗಡಿಸಲೆಂದು 1876ರಲ್ಲಿ ಹುಟ್ಟಿದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಈಗ ಕನ್ನಡ ಸಾಹಿತ್ಯವೆಂದರೆ 894.814, ಕಾದಂಬರಿಯಾದರೆ ಮುಂದೊಂದು 3. ಒಳಗೆ ರಾಕೆಟ್ ಇದೆಯೋ ರಾಕ್ಷಸನಿದ್ದಾನೋ, ಡ್ಯೂಯಿಗೆ ಅದರ ಗೊಡವೆಯಿಲ್ಲ.

'ಡ್ಯೂಯಿ ನಮ್ಮ ಕಮಿಟೀಲಿ ಇಲ್ವಲ್ಲ ಮಾರಾಯ್ರೇ' ಎಂದರು ಅಧ್ಯಕ್ಷರು.

ಕೆಂಪು ಚೀಟಿಗೆ ಖಜಾಂಚಿ ಕಿಡಿಯಾದರು. 'ಚೌಡಿ ಕಲ್ಪನೆ ಅಂತ ಬರೆದ್ರೆ ನಾ ಸಹಿ ಹಾಕೂದಿಲ್ಲ. ವರ್ಷಾವರ್ಷ ತೋಟದಲ್ಲಿ ಕಾಯಿ ಒಡೆಸೂದು ಸುಳ್ಳಿಗಾ?' ಹಾಗಾದರೆ ರಿಯಾಕ್ಟರ್? 'ಅದರ ಒಳಗೆ ಹೊಕ್ಕು ನೋಡಿದವ್ರು ಯಾರಿದ್ರಿ ಇಲ್ಲಿ?' ಯಾರೂ ಕೈ ಎತ್ತಲಿಲ್ಲ. ಕೈಗಾದ ಒಂದನೇ ಘಟಕ 2018ರ ಕೊನೆಯ ದಿನದವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತ್ತೆಂದು ಒಬ್ಬ ಹುಡುಗ ನೆನಪಿಸಿದ. 'ನಮ್ಮನೇಲಿ ಕರೆಂಟು 962 ನಿಮಿಷ ಸತತ ಇದ್ದದ್ದು ತೋರ್ಸು ತಮಾ. ಅದಕ್ಕೇ ಮೊದಲು ಕೆಂಪು ಚೀಟಿ ಹಚ್ಚುವಾ.'

ನಿವೃತ್ತ ಮೇಷ್ಟ್ರು ಪುಷ್ಪಕ ವಿಮಾನವನ್ನೂ ನೀಲಿಗೆ ಸೇರಿಸಿ ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲೇ, ಪ್ರಾಚೀನ ವಿಮಾನಗಳ ಗ್ರಂಥವೆನ್ನುವ ‘ವೈಮಾನಿಕ ಶಾಸ್ತ್ರ’ವನ್ನು ಜಾಲಾಡಿ, ಅದರ ವಿಮಾನಗಳು ಹಾರುವಂಥವಲ್ಲ, ಪುಸ್ತಕವೂ 1904ಕ್ಕಿಂತ ಹಿಂದಿನದಲ್ಲ ಎಂದಿದ್ದಾರಲ್ಲ ಎಂದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. 'ಅಂಕೋಲೆ ವಿಮಾನ ನಿಲ್ದಾಣದಿಂದ್ಲೂ ಇನ್ನೂ ವಿಮಾನ ಹಾರ್ಲಿಲ್ಲ. ಅದನ್ನೂ ಅದ್ಭುತ ಕತೆಗೆ ಹಾಕ್ತ್ರಾ?'

ಹಾಕಬಹುದಿತ್ತು. ನಾನು ಚಾ ಕುಡಿದೆ.

ನೀಲಿ ಕೆಂಪು ಕಲಸಿ ನೇರಳೆ ಚೀಟಿ ಮಾಡುವ ಸಲಹೆಯೂ ಬಂತು. ಆದರೆ ಮೂರನೇ ಕಪಾಟಿಗೆ ಟೆಂಡರ್ ಕರೆಯಬೇಕು, ಅದು ಅಡಿಕೆ ಕೊಯ್ಲು ಮುಗಿದ ಮೇಲೆ.

ಮೊನ್ನೆ ಹೋದಾಗ ಪುಸ್ತಕ ಕೃಷಿ ವಿಭಾಗದಲ್ಲಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಕೈಪಿಡಿಯ ಪಕ್ಕ ಕೂತಿತ್ತು. ಚೌಡಿ ತೋಟ ಕಾಯುವವಳಲ್ಲವೇ, ಅದಕ್ಕೇ ಅಲ್ಲಿ ಎಂದರು ಲೈಬ್ರರಿಯನ್. ಈವರೆಗೆ ಒಯ್ದವರು ಒಬ್ಬರೇ. ಕೊಳೆರೋಗದ ಬಗ್ಗೆ ಎಂತದೂ ಇಲ್ಲ ಎಂದು ಬೈದು ವಾಪಸು ಕೊಟ್ಟಿದ್ದಾರೆ.