ಬಯಲುಸೀಮೆಯವರಿಗೆ ಸಮುದ್ರ ಒಗ್ಗುವುದಿಲ್ಲವಂತೆ

“ನಮ್ಮ ಕಡೆಯೋರಿಗೆ ಸಮುದ್ರ ಒಗ್ಗಂಗಿಲ್ಲ ಬಿಡ್ರಿ ಮೇಡಂ” ಎಂದು ದಾವಣಗೆರೆಯ ಪ್ರವಾಸ ಏಜೆಂಟರೊಬ್ಬರು ಫ್ಯಾನಿನ ಕೆಳಗೆ ಕುಳಿತು, ನಾನು ಮೇಜಿನ ಮೇಲಿಟ್ಟ ರಸೀದಿಯನ್ನು ಕಣ್ಣೆತ್ತಿಯೂ ನೋಡದೆ, ನನಗೆ ಸಮಾಧಾನ ಹೇಳಿ ಇಂದಿಗೆ ಹನ್ನೊಂದು ದಿನವಾಯಿತು. ಹಣ ಹೋದದ್ದಕ್ಕಿಂತ, ಅಕ್ಕನ ಮಗಳ ಕಾಲಿಗೆ ಗಾಯವಾದದ್ದಕ್ಕಿಂತ ಆ ಒಂದು ಮಾತೇ ನನ್ನನ್ನು ಹೆಚ್ಚು ಸುಡುತ್ತಿದೆ. ಏಕೆಂದರೆ ಅದಕ್ಕೂ ಹದಿನೈದು ದಿನ ಮೊದಲು, ಅದೇ ಕುರ್ಚಿಯಲ್ಲಿ ಕುಳಿತು, ಅದೇ ಮನುಷ್ಯ, “ಗೈಡ್ ಇರ್ತಾರ್ರೀ, ನಿಮಗೆ ಏನೂ ಬರದಿದ್ರೂ ನಡೀತೈತಿ” ಎಂದು ಹೇಳಿ ನಮ್ಮಿಂದ ಮುಂಗಡ ಪಡೆದಿದ್ದರು. ಏನೂ ಬಾರದವರಿಗೆಂದೇ ಮಾರಾಟ ಮಾಡಿದ ಸೇವೆ ಹಾಳಾದಾಗ, ನಿಮಗೆ ಏನೂ ಬಾರದ್ದರಿಂದಲೇ ಹಾಳಾಯಿತು ಎಂದು ಹೇಳುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ?

ನಾವು ಕೊಂಡದ್ದು ಗೋಕರ್ಣದ ಓಂ ಕಡಲತೀರದಿಂದ ಹೊರಟು, ಬಂಡೆಗಳ ಅಂಚಿನಲ್ಲಿ ದಕ್ಷಿಣಕ್ಕೆ ಸಾಗಿ, ಹಾಫ್ ಮೂನ್ ತೀರವನ್ನು ದಾಟಿ, ಪ್ಯಾರಡೈಸ್ ತೀರದಲ್ಲಿ ಸ್ವಲ್ಪ ವಿಶ್ರಮಿಸಿ ಹಿಂದಿರುಗುವ ಮೂರು ಗಂಟೆಗಳ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಯಾನವನ್ನು. ಬೆಳಿಗ್ಗೆ 7 ಗಂಟೆಗೆ ಆರಂಭ, ನಾಲ್ವರಿಗೆ ಒಬ್ಬ ತರಬೇತಾದ ಗೈಡ್, ತಿಂಡಿ, ಉಚಿತ ಛಾಯಾಚಿತ್ರಗಳು. ತಲೆಗೆ 2,800 ರೂಪಾಯಿಯಂತೆ ನಾಲ್ಕು ಜನಕ್ಕೆ 11,200 ರೂಪಾಯಿ. ನಾನು, ನಮ್ಮ ಯಜಮಾನರು, ಮೈದುನ ಮತ್ತು ಅಕ್ಕನ ಮಗಳು ಹೋಗುವುದೆಂದೂ ನಮ್ಮ ಅತ್ತೆಯವರು ದಡದಲ್ಲಿ ಕುಳಿತಿರುವುದೆಂದೂ ತೀರ್ಮಾನವಾಯಿತು. ಅತ್ತೆಯವರಿಗೆ ಇದು ಮೊದಲಿನಿಂದಲೂ ಇಷ್ಟವಿರಲಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಶೈಕ್ಷಣಿಕ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿಯನ್ನು ಅವರು ಮರೆತಿಲ್ಲ. “ನೀರಿನ ಕೂಡ ಆಟ ಬ್ಯಾಡ ತಾಯಿ” ಎಂದು ಅವರು ಎರಡು ಬಾರಿ ಹೇಳಿದರು. ಗೈಡ್ ಇರುತ್ತಾರೆ ಎಂದು ನಾನು ಎರಡು ಬಾರಿಯೂ ಅವರ ಬಾಯಿ ಮುಚ್ಚಿಸಿದೆ. ಆ ಹೊತ್ತಿಗೆ ಏಜೆಂಟರ ಮಾತು ನನ್ನ ಮಾತಾಗಿಬಿಟ್ಟಿತ್ತು.

ದಾವಣಗೆರೆಯಿಂದ ಹಾವೇರಿ, ಶಿರಸಿ, ಕುಮಟಾ ಮಾರ್ಗವಾಗಿ ಗೋಕರ್ಣಕ್ಕೆ ಸುಮಾರು 240 ಕಿಲೋಮೀಟರ್. ಜನವರಿಯ ಕೊನೆಯ ಶುಕ್ರವಾರ ಮಧ್ಯಾಹ್ನ ಹೊರಟು, ದೇವಿಮನೆ ಘಟ್ಟವನ್ನು ಕತ್ತಲಾಗುವ ಮೊದಲೇ ಇಳಿದು, ರಾತ್ರಿ ಊರಿನಲ್ಲಿ ಉಳಿದೆವು. ಮರುದಿನ ಹೇಳಿದಂತೆ 6.45ಕ್ಕೆಲ್ಲ ಓಂ ತೀರದ ಮೆಟ್ಟಿಲುಗಳನ್ನು ಇಳಿದು ನಿಂತಿದ್ದೆವು. ಸಮುದ್ರ ಹಾಸಿದ ಚಾಪೆಯಂತೆ ಮಲಗಿತ್ತು. ಗೈಡ್ ಬಂದಿರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಫೋನ್ ಮಾಡಿದಾಗಲೆಲ್ಲ “ಹತ್ತು ನಿಮಿಷ” ಎಂಬ ಉತ್ತರ. ಬೇರೊಂದು ಊರಿನಿಂದ ಬರಬೇಕಿದ್ದ ಹತ್ತು ಜನರ ಗುಂಪಿಗಾಗಿ ನಮ್ಮನ್ನು ಕಾಯಿಸುತ್ತಿದ್ದಾರೆ ಎಂಬುದು ಆ ಗುಂಪು ಬಂದ ಮೇಲೆಯೇ ನಮಗೆ ತಿಳಿದದ್ದು. ನೀರಿಗೆ ಇಳಿದಾಗ ಗಂಟೆ 10.50.

ತಡವಾದರೆ ಏನಾಯಿತು, ರಜೆಗೆ ಬಂದವರಿಗೆ ಅವಸರವೇಕೆ ಎಂದು ಕೇಳುವವರಿದ್ದಾರೆ. ನಮ್ಮ ಯಜಮಾನರೇ ಮೊದಲು ಹಾಗೆ ಅಂದರು. ಆದರೆ ಸಮುದ್ರದಲ್ಲಿ ಹೊತ್ತು ಎಂಬುದು ಗಡಿಯಾರದ ಮಾತಷ್ಟೇ ಆಗಿರುವುದಿಲ್ಲ. ಮಳೆಗಾಲ ಮುಗಿದ ನಂತರದ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ನಸುಕಿನಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿನ ಕಡೆಗೆ ಮೆಲ್ಲನೆ ಬೀಸುತ್ತದೆ. ಬಿಸಿಲೇರಿ ನೆಲ ಕಾದಂತೆ ಅದು ತಿರುಗಿ, ಕಡಲಿನಿಂದ ನೆಲದ ಕಡೆಗೆ, ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಬೀಸತೊಡಗುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ ಎಂಬ, ಪ್ರೌಢಶಾಲೆಯ ಮಕ್ಕಳೂ ಬಲ್ಲ ಸಂಗತಿಯಿದು. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. 7 ಗಂಟೆಗೆ ಹೊರಡಬೇಕೆಂದು ಯಾರು ಮೊದಲು ನಿಗದಿ ಮಾಡಿದರೋ ಅವರಿಗೆ ಈ ವಿಷಯ ತಿಳಿದೇ ಇತ್ತು. ಹೈದರಾಬಾದಿನಲ್ಲಿರುವ, 1999ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರ ಮತ್ತು ಗಾಳಿಯ ಮುನ್ಸೂಚನೆಯನ್ನು ದಿನವೂ ಉಚಿತವಾಗಿ ಪ್ರಕಟಿಸುತ್ತದೆ. ಅದನ್ನು ನೋಡಿದಿರಾ ಎಂದು ನಾನು ಗೈಡ್ ಅವರನ್ನು ಕೇಳಿದಾಗ, ಅವರು ಕಡಲಿನತ್ತ ಕೈ ಚಾಚಿ, ಕಣ್ಣೆದುರಿಗೇ ಇದೆಯಲ್ಲ ಎಂದು ನಕ್ಕರು.

ದೋಣಿಗಳ ಬಗ್ಗೆ ನನ್ನ ದೂರು ಅಷ್ಟಾಗಿ ಇಲ್ಲ. ಜಾಹೀರಾತಿನಲ್ಲಿ ತೋರಿಸಿದ್ದು ಸುಮಾರು ಐದು ಮೀಟರ್ ಉದ್ದದ, ಮೇಲ್ಭಾಗ ಮುಚ್ಚಿದ, ಸೊಂಟದವರೆಗೆ ಒಳಗೆ ಕುಳಿತುಕೊಳ್ಳುವ ಚೂಪು ಮೂತಿಯ ಕಡಲ ಕಯಾಕ್. ಕೊಟ್ಟದ್ದು ಮೇಲೆಯೇ ಕುಳಿತುಕೊಳ್ಳುವ, ಅಗಲವಾದ ಪ್ಲಾಸ್ಟಿಕ್ ದೋಣಿ. ಮೋಸವೆಂದು ಮೈದುನ ಕೂಗಾಡಿದ. ಆದರೆ ಹೊಸಬರಿಗೆ ಈ ಎರಡನೆಯದೇ ಮೇಲು, ಮಗುಚಿದರೆ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ ಎಂದು ನಾನೇ ಅವನನ್ನು ಸುಮ್ಮನಾಗಿಸಿದೆ. ಸಿಟ್ಟು ಬಂದದ್ದು ಲೈಫ್ ಜಾಕೆಟ್ಟುಗಳನ್ನು ನೋಡಿ. ನಾಲ್ಕರಲ್ಲಿ ಎರಡಕ್ಕೆ ಬಕಲ್ ಇರಲಿಲ್ಲ. ಅದರ ಜಾಗದಲ್ಲಿ ನೈಲಾನ್ ದಾರವನ್ನು ಗಂಟು ಹಾಕಲಾಗಿತ್ತು. ತೆಳ್ಳಗಿರುವ ಹುಡುಗಿಗೆ ಕೊಟ್ಟದ್ದು ನಮ್ಮ ಯಜಮಾನರಿಗೂ ಸಡಿಲವಾಗುವಂತಹ ಜಾಕೆಟ್. ಚಿಕ್ಕದು ಕೊಡಿ ಎಂದರೆ, ಎಲ್ಲವೂ ಒಂದೇ ಎಂಬ ಉತ್ತರ ಬಂತು. ಒಂದೇ ಅಲ್ಲ ಎಂಬುದನ್ನು ಅರ್ಧ ಗಂಟೆಯೊಳಗೆ ಕಡಲೇ ತೋರಿಸಿಕೊಟ್ಟಿತು.

ಇನ್ನು ಮಾರ್ಗದರ್ಶನದ ವಿಷಯ. ಹದಿನಾಲ್ಕು ಜನರಿಗೆ ಒಬ್ಬ ಗೈಡ್, ಅವರ ಜೊತೆಗೆ ಒಬ್ಬ ಹುಡುಗ. ನೀರಿಗೆ ಇಳಿಯುವ ಮೊದಲು ಗೈಡ್ ಹೆಚ್ಚೆಂದರೆ ಒಂದು ನಿಮಿಷ ಮಾತನಾಡಿದರು, ಅದೂ ಹಿಂದಿಯಲ್ಲಿ, ಹತ್ತು ಜನರ ಗುಂಪಿನ ಕಡೆಗೆ ಮುಖ ಮಾಡಿಕೊಂಡು. ಕನ್ನಡದಲ್ಲಿ ಹೇಳಿ ಎಂದಾಗ, ನನ್ನನ್ನು ನೋಡಿ ನಾನು ಮಾಡಿದಂತೆ ಮಾಡಿ ಎಂದು ಸನ್ನೆ ಮಾಡಿದರು. ಕರ್ನಾಟಕದ ದಡದಲ್ಲಿ, ಜೀವಕ್ಕೆ ಸಂಬಂಧಿಸಿದ ಮಾತನ್ನು ಕನ್ನಡದಲ್ಲಿ ಕೇಳುವುದಕ್ಕೆ ನಾವು ಬೇಡಿಕೊಳ್ಳಬೇಕಾಯಿತು. ಹರಿಹರದ ಆಸುಪಾಸಿನಲ್ಲಿ ಚಿಕ್ಕವಳಿದ್ದಾಗ ನಾನು ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದ್ದೇನೆ. ಹರಿಗೋಲು ಹಾಕುವ ಅಜ್ಜ ಅಕ್ಷರ ಕಲಿತವರಾಗಿರಲಿಲ್ಲ, ಅವರ ಬಳಿ ಯಾವ ಪ್ರಮಾಣಪತ್ರವೂ ಇರಲಿಲ್ಲ. ಆದರೆ ಯಾರು ಎಲ್ಲಿ ಕೂರಬೇಕು, ಯಾರು ಏಳಬಾರದು, ಕೈ ಎಲ್ಲಿಡಬೇಕು ಎಂದು ಒಬ್ಬೊಬ್ಬರಿಗೂ ಹೇಳಿ, ಹೇಳಿದ್ದು ಕೇಳಿಸಿತೇ ಎಂದು ವಿಚಾರಿಸದ ಹೊರತು ಅವರು ದಡ ಬಿಡುತ್ತಿರಲಿಲ್ಲ. ಅಂಬಿಗರ ಚೌಡಯ್ಯ ಬಾಳಿದ ಚೌಡಯ್ಯದಾನಪುರ ಇರುವುದು ಅದೇ ನದಿಯ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಬಯಲುಸೀಮೆಯವರಿಗೆ ದೋಣಿಯೆಂದರೇನೆಂದು ತಿಳಿಯದು ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ. ನಮ್ಮ ಅಪ್ಪನ ಊರು ಚನ್ನಗಿರಿ ತಾಲ್ಲೂಕಿನಲ್ಲಿದೆ. ಶಾಂತಿಸಾಗರವೆಂದು ಕಾಗದದಲ್ಲಿ ಬರೆಯುವ ಸೂಳೆಕೆರೆಯ ಮೇಲೆ ಆಷಾಢದ ಗಾಳಿ ಎಬ್ಬಿಸುವ ತೆರೆಗಳನ್ನು ನೋಡಿಕೊಂಡೇ ನಾನು ಬೆಳೆದವಳು.

ದಡದ ಅಲೆಯನ್ನು ದಾಟುವಾಗಲೇ ಮೈದುನನ ದೋಣಿ ಮಗುಚಿತು. ಅಲೆಗೆ ಮೂತಿಯನ್ನು ನೇರವಾಗಿ ಒಡ್ಡಬೇಕು, ಅಡ್ಡವಾದರೆ ಅಲೆ ದೋಣಿಯನ್ನು ಉರುಳಿಸುತ್ತದೆ ಎಂಬ ಒಂದೇ ಒಂದು ವಾಕ್ಯವನ್ನು ಯಾರೂ ಅವನಿಗೆ ಹೇಳಿರಲಿಲ್ಲ. ನೀರು ಸೊಂಟದ ಮಟ್ಟಕ್ಕಿತ್ತು, ಅವನು ನಕ್ಕು ಎದ್ದ, ನಾವೂ ನಕ್ಕೆವು. ಆಗಲೇ ಹಿಂದಿರುಗಬೇಕಿತ್ತು.

ಬಂಡೆಗಳ ಬಳಿಗೆ ಬಂದಾಗ ನನಗೆ ನಗು ನಿಂತಿತು. ತೆರೆದ ಕಡಲಿನಲ್ಲಿ ಅಲೆಗಳು ಒಂದೇ ದಿಕ್ಕಿನಿಂದ ಬರುವುದರಿಂದ ಅವಕ್ಕೊಂದು ಲಯವಿರುತ್ತದೆ, ಹೊಸಬರೂ ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಕಡಿದಾದ ಬಂಡೆಯ ಹತ್ತಿರ ಹಾಗಲ್ಲ. ಬಂದ ಅಲೆ ಬಂಡೆಗೆ ಬಡಿದು ಹಿಂದಿರುಗುತ್ತದೆ, ಹಿಂದಿರುಗುವ ಅಲೆ ಬರುವ ಅಲೆಯ ಮೇಲೆ ಏರುತ್ತದೆ, ಎರಡರ ಉಬ್ಬುಗಳು ಕೂಡಿದ ಕಡೆ ನೀರು ನಿಂತಲ್ಲೇ ಮೇಲಕ್ಕೆ ಚಿಮ್ಮಿ, ಮರುಕ್ಷಣ ಅಲ್ಲೇ ಗುಂಡಿಯಾಗುತ್ತದೆ. ಅಲೆಗಳ ಅಧ್ಯಾರೋಪಣ ಎಂದು ನಾನು ಇಪ್ಪತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತಿರುವ ಪಾಠವನ್ನು ಆ ದಿನ ಬೆನ್ನುಮೂಳೆಯಲ್ಲಿ ಕಲಿತೆ. ಅಂತಹ ಕಡೆ ಬಂಡೆಯಿಂದ ದೂರವಿದ್ದು, ಹೊರಗಿನಿಂದ ಸುತ್ತಿಕೊಂಡು ಹೋಗಬೇಕು. ಅಲೆಗಳು ಗುಂಪುಗುಂಪಾಗಿ ಬರುವುದರಿಂದ ಸ್ವಲ್ಪ ಹೊತ್ತು ನಿಂತು ನೋಡಿ, ದೊಡ್ಡವು ಕಳೆದ ಮೇಲೆ ಮುಂದುವರಿಯಬೇಕು. ಇಂಥದ್ದನ್ನು ಹೇಳುವುದಕ್ಕೇ ಅಲ್ಲವೇ ಗೈಡ್ ಎಂಬವರು ಇರುವುದು? ನಮ್ಮ ಗೈಡ್ ಅರ್ಧ ಫರ್ಲಾಂಗಿನಷ್ಟು ಮುಂದೆ, ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾವನ್ನು ನಮ್ಮತ್ತ ತಿರುಗಿಸಿಕೊಂಡು, ಇನ್ನೂ ಹತ್ತಿರ, ಬಂಡೆಯ ಹತ್ತಿರ ಬನ್ನಿ, ಚಿತ್ರ ಚೆನ್ನಾಗಿ ಬರುತ್ತದೆ ಎಂದು ಕೈ ಬೀಸುತ್ತಿದ್ದರು.

ಹುಡುಗಿ ಹೋದಳು. ಗೈಡ್ ಕರೆದರೆ ಹೋಗಬಾರದು ಎಂದು ಯಾರಾದರೂ ಏಕೆ ಅಂದುಕೊಳ್ಳುತ್ತಾರೆ? ಒಂದು ಅಲೆ ಅವಳ ದೋಣಿಯನ್ನು ಎತ್ತಿತು, ಹಿಂದಿರುಗಿದ ಇನ್ನೊಂದು ಅದನ್ನು ಪಕ್ಕಕ್ಕೆ ತಳ್ಳಿತು, ಅವಳು ನೀರಿನಲ್ಲಿದ್ದಳು. ದಾವಣಗೆರೆಯ ಈಜುಕೊಳದಲ್ಲಿ ನಾಲ್ಕು ವರ್ಷ ಈಜಿದವಳು, ಅದಕ್ಕೇ ಉಳಿದಳು. ಸಡಿಲ ಜಾಕೆಟ್ ಕಿವಿಯವರೆಗೆ ಮೇಲೇರಿ ಅವಳ ಗಲ್ಲವನ್ನು ಒತ್ತುತ್ತಿತ್ತು. “ಚಿಕ್ಕಮ್ಮಾ” ಎಂಬ ಒಂದು ಕೂಗು ಕೇಳಿಸಿತು, ಆಮೇಲೆ ಬಂಡೆಗೆ ನೀರು ಬಡಿಯುವ ಸದ್ದು ಮಾತ್ರ. ನಾನು ಹುಟ್ಟು ಹಾಕಿದೆ, ಗಾಳಿ ನನ್ನನ್ನು ಇದ್ದಲ್ಲೇ ತಿರುಗಿಸಿತು.

ಆಗ ಬಂದವನು ಆ ಹುಡುಗ. ಹದಿನೆಂಟೋ ಹತ್ತೊಂಬತ್ತೋ ಇರಬೇಕು. “ದೋಣಿ ಬಿಡಬೇಡಿ ಅಕ್ಕ, ಬಂಡೆ ಕಡೆ ಇರಬೇಡಿ, ಈ ಕಡೆ ಬನ್ನಿ” ಎಂದು ಕನ್ನಡದಲ್ಲೇ ಕೂಗುತ್ತ, ಅವಳು ದೋಣಿಗೂ ಬಂಡೆಗೂ ನಡುವೆ ಸಿಕ್ಕಿ ಜಜ್ಜಿಹೋಗದಂತೆ ಅವಳನ್ನು ಕಡಲಿನ ಕಡೆಯ ಮಗ್ಗುಲಿಗೆ ಕರೆಸಿಕೊಂಡ. ತನ್ನ ದೋಣಿಯನ್ನು ಅವಳ ದೋಣಿಗೆ ಒತ್ತಿ ಹಿಡಿದು, ಅದನ್ನು ನೇರ ಮಾಡಿ, ಅವಳನ್ನು ಮೇಲೆಳೆದುಕೊಂಡ. ಎಲ್ಲ ಸೇರಿ ಮೂರು ನಿಮಿಷ ಹಿಡಿದಿರಬಹುದು. ಇಡೀ ದಿನದಲ್ಲಿ ನಮಗೆ ಸಿಕ್ಕ ಮಾರ್ಗದರ್ಶನ ಅಷ್ಟೇ, ಅದನ್ನು ಕೊಟ್ಟವನು ದಿನಗೂಲಿಗೆ ದೋಣಿ ಹೊರುವವನು. ಅವನು ಮೀನುಗಾರರ ಮನೆಯ ಹುಡುಗ ಎಂದು ಆಮೇಲೆ ತಿಳಿಯಿತು. ಅವನನ್ನೇ ಗೈಡ್ ಮಾಡಿ, ಅವನಿಗೆ ಗೈಡ್‌ನ ಸಂಬಳವನ್ನೇ ಕೊಡಲಿ ಎಂದು ಯಾನ ನಡೆಸುವ ಗೋಕರ್ಣದ ಸಂಸ್ಥೆಯವರಿಗೆ ಬರೆದ ಪತ್ರದಲ್ಲಿ ನಾನು ಬೇರೆಯಾಗಿಯೇ ಒಂದು ಪ್ಯಾರಾ ಬರೆದಿದ್ದೇನೆ.

ಅಲ್ಲಿಂದಲೇ ಹಿಂದಿರುಗಿದೆವು. ಹಾಫ್ ಮೂನ್ ಕಾಣಲಿಲ್ಲ, ಪ್ಯಾರಡೈಸ್ ಮಾತೇ ಇಲ್ಲ. ನೀರಿನಲ್ಲಿದ್ದದ್ದು ಒಟ್ಟು ನಲವತ್ತು ನಿಮಿಷ. ಬಂಡೆಗೆ ಅಂಟಿದ ಚಿಪ್ಪುಗಳು ಹುಡುಗಿಯ ಅಂಗಾಲನ್ನು ಎರಡು ಕಡೆ ಸೀಳಿದ್ದವು. ದಡದಲ್ಲಿ ರಕ್ತ ಒರೆಸಲು ಹತ್ತಿ ಕೇಳಿದರೆ ಇರಲಿಲ್ಲ. ಅತ್ತೆಯವರು ಒಂದು ಮಾತನ್ನೂ ಆಡದೆ ತಮ್ಮ ಸೆರಗಿನ ಅಂಚನ್ನು ಹರಿದು ಕಟ್ಟಿದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಊರಿನ ದವಾಖಾನೆಯಲ್ಲಿ ಗಾಯ ತೊಳೆಸಿ, ಟಿ.ಟಿ. ಚುಚ್ಚುಮದ್ದು ಹಾಕಿಸಿ ಹಿಂದಿರುಗಿದಾಗ, ಸಂಸ್ಥೆಯ ಮನುಷ್ಯರೊಬ್ಬರು ನಮ್ಮ ಕಾರಿನ ಬಳಿ ಕಾಯುತ್ತಿದ್ದರು. ಕ್ಷಮೆ ಕೇಳುವುದಕ್ಕೆ ಬಂದಿದ್ದಾರೆಂದು ನಾನು ಭಾವಿಸಿದೆ. ಮಗುಚಿದಾಗ ಕೈಬಿಟ್ಟುಹೋದ ಹುಟ್ಟಿನ ಬಾಬ್ತು 1,500 ರೂಪಾಯಿ ಕೊಡಬೇಕು ಎಂದರು. ನಮ್ಮ ಯಜಮಾನರು ಜಗಳವಾಡುವ ಸ್ವಭಾವದವರಲ್ಲ, ಕೊಟ್ಟುಬಿಟ್ಟರು. ಆ ವಿಷಯದಲ್ಲಿ ಅವರ ಮೇಲೂ ನನಗಿನ್ನೂ ಸಿಟ್ಟಿದೆ.

ಉಳಿದ ಹಣ ವಾಪಸ್ ಕೇಳಿದರೆ, ಸಮುದ್ರದ ಪರಿಸ್ಥಿತಿ ನಮ್ಮ ಕೈಯಲ್ಲಿಲ್ಲ, ನೀವು ಸಹಿ ಹಾಕಿದ ಪತ್ರದಲ್ಲಿ ಇದೆ ಎನ್ನುತ್ತಾರೆ. ಸಮುದ್ರ ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಏಳಕ್ಕೆ ಹೊರಡುವುದು ಯಾರ ಕೈಯಲ್ಲಿತ್ತು? ಬಕಲ್ ಯಾರ ಕೈಯಲ್ಲಿತ್ತು? ಬಂಡೆಯ ಹತ್ತಿರ ಕರೆದ ಕೈ ಯಾರದು? ಆ ಪತ್ರವಾದರೋ ಎರಡು ಪುಟ ಒತ್ತೊತ್ತಾದ ಇಂಗ್ಲಿಷ್, ಮರಳಿನ ಮೇಲೆ ನಿಂತು, ಬೆನ್ನ ಮೇಲಿಟ್ಟುಕೊಂಡು ಸಹಿ ಹಾಕಿಸಿಕೊಂಡದ್ದು. ದಾವಣಗೆರೆಯ ಏಜೆಂಟರು, ನಾವು ಬುಕಿಂಗ್ ಮಾತ್ರ ಮಾಡಿಕೊಡುವವರು ಎಂದು ಕೈ ತೊಳೆದುಕೊಂಡರು. ಗೋಕರ್ಣದವರನ್ನು ಕೇಳಿದರೆ, ಏಜೆಂಟರು ಏನು ಹೇಳಿದರೋ ನಮಗೆ ತಿಳಿಯದು ಎನ್ನುತ್ತಾರೆ. ಇಬ್ಬರೂ ಒಪ್ಪುವ ಒಂದೇ ಸಂಗತಿಯೆಂದರೆ ನಾವು ಬಯಲುಸೀಮೆಯವರು ಎಂಬುದು.

ಹೇಳಿದ ಛಾಯಾಚಿತ್ರಗಳು ನಮಗೆ ಇನ್ನೂ ಬಂದಿಲ್ಲ. ಆದರೆ ಕಳೆದ ವಾರ ಮೈದುನನ ಗೆಳೆಯನೊಬ್ಬ ಕಳುಹಿಸಿದ ಜಾಹೀರಾತಿನ ವಿಡಿಯೊದಲ್ಲಿ ಅಕ್ಕನ ಮಗಳು ಬಂಡೆಯ ಪಕ್ಕದಲ್ಲಿ ನಗುತ್ತ ಹುಟ್ಟು ಎತ್ತಿ ಹಿಡಿದಿದ್ದಾಳೆ. ಮುಂದಿನ ಅಲೆ ಬರುವ ಮೊದಲೇ ಚಿತ್ರ ಕತ್ತರಿಸಿದ್ದಾರೆ. ಅದನ್ನು ತೆಗೆಯಿರಿ ಎಂದು ಬರೆದದ್ದಕ್ಕೆ, ಮತ್ತೊಮ್ಮೆ ಬಂದರೆ ಶೇಕಡಾ 10 ರಿಯಾಯಿತಿ ಕೊಡುವುದಾಗಿ ಉತ್ತರ ಬಂದಿದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು, ಅದಕ್ಕಾಗಿ ಮತ್ತೆ ಘಟ್ಟ ಇಳಿಯಬೇಕಿಲ್ಲ. ಬರುವ ಸೋಮವಾರ ಕಾಲೇಜಿಗೆ ಅರ್ಧ ದಿನ ರಜೆ ಹಾಕಿದ್ದೇನೆ. ಬುಕಿಂಗ್‌ನ ಸಂದೇಶಗಳು, ದವಾಖಾನೆಯ ಚೀಟಿ, ಆ ವಿಡಿಯೊ, ಎಲ್ಲವನ್ನೂ ಜೋಡಿಸಿಟ್ಟಾಗಿದೆ. ಹುಟ್ಟಿನ 1,500 ರೂಪಾಯಿಯ ರಸೀದಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಅವರು ಕೈಯಾರೆ ಬರೆದು, ಮೊಹರು ಒತ್ತಿ, ದಿನಾಂಕ ಹಾಕಿ ಕೊಟ್ಟದ್ದು ಅದೊಂದನ್ನೇ.